ಕುದುರೆಯ ಗೊರಸಿನಲ್ಲಿ ಗಾಯ, ಕೀವು: ಜನ ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಹುಟ್ಟಿ ಬೆಳೆದದ್ದು ಬಳ್ಳಾರಿಯ ಕೌಲ್ ಬಜಾರಿನಲ್ಲಿ. ಮನೆಯ ಮುಂದೆ ಟಾಂಗಾ, ಹಿತ್ತಲಲ್ಲಿ ಕುದುರೆ. ಆಮೇಲೆ ಮೂವತ್ತು ವರ್ಷ ಕೊಪ್ಪಳ ಮತ್ತು ರಾಯಚೂರು ಜಿಲ್ಲೆಗಳ ಪಶು ಆಸ್ಪತ್ರೆಗಳಲ್ಲಿ ವೈದ್ಯರ ಸಹಾಯಕನಾಗಿ ದುಡಿದೆ. ನಿವೃತ್ತನಾದ ಮೇಲೂ ಕುದುರೆ ಕುಂಟಿದರೆ ನನಗೆ ಫೋನ್ ಬರುತ್ತದೆ. ಮದುವೆ ಮೆರವಣಿಗೆಗೆ ಕುದುರೆ ಬಾಡಿಗೆ ಕೊಡುವವರು, ಅಳಿದುಳಿದ ಟಾಂಗಾದವರು, ಹಟ್ಟಿಯ ಸಾಮಾನು ಹೇರಿಕೊಂಡು ಊರಿಂದೂರಿಗೆ ಅಲೆಯುವ ಕುರಿಗಾಹಿಗಳು ಕೇಳುತ್ತಾರೆ. ಕೇಳಿದ್ದನ್ನೇ ಕೇಳುತ್ತಾರೆಂಬ ಬೇಸರ ನನಗಿಲ್ಲ. ಎರಡು ದಿನ ಮೊದಲು ಕೇಳಿದ್ದರೆ ಎಂಬ ಸಂಕಟ ಮಾತ್ರ ಪ್ರತಿ ಸಲವೂ ಆಗುತ್ತದೆ. ಅದಕ್ಕಾಗಿ ಬರೆದಿಡುತ್ತಿದ್ದೇನೆ. ಚಾಕು ಹಿಡಿಯುವುದು, ಚುಚ್ಚುಮದ್ದು ಕೊಡುವುದು ಪಶುವೈದ್ಯರ ಕೆಲಸ. ಅವರು ಬರುವ ಮೊದಲಿನದೂ ಹೋದ ಮೇಲಿನದೂ ನಿಮ್ಮ ಕೆಲಸ.

## ಗುರುತು ಹಿಡಿಯುವುದು

ನಿನ್ನೆ ಸಂಜೆ ಚೆನ್ನಾಗಿಯೇ ಓಡಿತ್ತು, ಬೆಳಿಗ್ಗೆ ನೋಡಿದರೆ ಕಾಲೇ ಊರುತ್ತಿಲ್ಲ. ಮೂಳೆ ಮುರಿದಿದೆಯೇ?

ಮುರಿದಿರಲೂಬಹುದು. ಆದರೆ ಒಂದೇ ರಾತ್ರಿಯಲ್ಲಿ ಹೀಗೆ ಮೂರು ಕಾಲಿನ ಮೇಲೆ ನಿಂತ ಕುದುರೆಗಳಲ್ಲಿ ನಾನು ಹೆಚ್ಚಾಗಿ ಕಂಡದ್ದು ಗೊರಸಿನೊಳಗೆ ಕಟ್ಟಿದ ಕೀವು. ಉಗುರುಸುತ್ತು ಆದವರಿಗೆ ಆ ನೋವು ಗೊತ್ತು. ಗೊರಸು ಗಟ್ಟಿಯಾದ ಡಬ್ಬಿಯಿದ್ದ ಹಾಗೆ, ಹಿಗ್ಗುವುದಿಲ್ಲ. ಒಳಗೆ ಒಂದು ಚಮಚ ಕೀವಾದರೂ ಅದಕ್ಕೆ ಹೋಗಲು ಜಾಗವಿಲ್ಲದೆ ಜೀವಂತ ಮಾಂಸವನ್ನು ಒತ್ತುತ್ತದೆ.

ಮೂರು ಪರೀಕ್ಷೆ ಮಾಡಿ. ಎರಡೂ ಕಾಲಿನ ಗೊರಸಿನ ಮೇಲೆ ಒಂದೊಂದು ಅಂಗೈ ಇಡಿ, ಒಂದು ಬಿಸಿಯಾಗಿದೆಯೇ ನೋಡಿ. ಗೊರಸಿನ ಮೇಲಿನ ಸಂದಿನ ಹಿಂಬದಿಯಲ್ಲಿ, ಎರಡೂ ಪಕ್ಕಕ್ಕೆ ಬೆರಳಿಟ್ಟು ನಾಡಿ ಹುಡುಕಿ. ಆರೋಗ್ಯವಾಗಿರುವ ಕಾಲಿನಲ್ಲಿ ಅದು ಕಷ್ಟಪಟ್ಟರೆ ಸಿಗುತ್ತದೆ, ಕೀವಾದ ಕಾಲಿನಲ್ಲಿ ಬೆರಳನ್ನೇ ತಳ್ಳುವ ಹಾಗೆ ಬಡಿಯುತ್ತದೆ. ಕೊನೆಗೆ ಸಣ್ಣ ಸುತ್ತಿಗೆಯಿಂದ ಗೊರಸಿನ ತಳವನ್ನು ಸುತ್ತಲೂ ಮೆಲ್ಲಗೆ ತಟ್ಟುತ್ತಾ ಬನ್ನಿ. ಒಂದು ಜಾಗದಲ್ಲಿ ಕುದುರೆ ಕಾಲು ಕಿತ್ತುಕೊಳ್ಳುತ್ತದೆ. ಕಾಲು ಸೊಟ್ಟಗಾಗಿದ್ದರೆ ಅಥವಾ ಮುಟ್ಟಿದಾಗ ಒಳಗೆ ಮೂಳೆ ಕರಕರ ಎಂದರೆ ಒಂದು ಹೆಜ್ಜೆಯೂ ನಡೆಸಬೇಡಿ, ವೈದ್ಯರನ್ನು ಅಲ್ಲಿಗೇ ಕರೆಸಿ.

ಕಾಲು ಮೊಣಕಾಲಿನ ತನಕ ಊದಿದೆ. ಆದರೂ ಗೊರಸೇ ಕಾರಣವೇ?

ಆಗಿರಬಹುದು. ಕೆಳಗಿನ ಸೋಂಕಿನಿಂದ ಬಾವು ಮೇಲಕ್ಕೆ ಏರುತ್ತದೆ. ಮೊಣಕಾಲಿಗೆ ವಾರಗಟ್ಟಲೆ ಎಣ್ಣೆ ತಿಕ್ಕಿಸಿ, ಕೊನೆಗೆ ಗೊರಸು ಎತ್ತಿ ನೋಡಿದರೆ ತಳದಲ್ಲಿ ಮುಳ್ಳು ಸಿಕ್ಕಿದ್ದನ್ನು ನಾನು ಒಂದಕ್ಕಿಂತ ಹೆಚ್ಚು ಸಲ ಕಂಡಿದ್ದೇನೆ. ಕುಂಟುವ ಕುದುರೆಯನ್ನು ಯಾವಾಗಲೂ ಕೆಳಗಿನಿಂದ ಮೇಲಕ್ಕೆ ನೋಡಬೇಕು.

ಹೊರಗೆ ಗಾಯವೇ ಕಾಣುವುದಿಲ್ಲ, ಒಳಗೆ ಕೀವು ಹೇಗೆ ಸೇರಿತು?

ನಮ್ಮ ಕಡೆ ಮೊದಲ ಶತ್ರು ಬಳ್ಳಾರಿ ಜಾಲಿ. ಅದರ ಮುಳ್ಳು ಸೈಕಲ್ ಟೈರನ್ನೇ ತೂರುತ್ತದೆ, ಗೊರಸಿನ ತಳ ಯಾವ ಲೆಕ್ಕ? ಚುಚ್ಚಿ ಹೊರಬಂದರೆ ತೂತು ತಾನಾಗಿ ಮುಚ್ಚಿಕೊಳ್ಳುತ್ತದೆ, ಕೊಳೆ ಒಳಗೇ ಉಳಿಯುತ್ತದೆ. ಎರಡನೆಯದು ಮೊಳೆ, ತಂತಿ, ಬಾಟಲಿಯ ಚೂರು. ಪೆಂಡಾಲು ಬಿಚ್ಚಿದ ಜಾಗ, ಮನೆ ಕಟ್ಟುವ ಜಾಗ, ಜಾತ್ರೆ ಮುಗಿದ ಬಯಲು ಇವೇ ಅವುಗಳ ಮನೆ. ಮೂರನೆಯದು ಲಾಳದ ಮೊಳೆ. ಒಳಗಿನ ಹಸಿಗೆ ತಾಗಿದರೆ ಕುದುರೆ ಅಂದೇ ಕುಂಟುತ್ತದೆ. ಹಸಿಗೆ ಒತ್ತಿಕೊಂಡು ಹೋಗಿದ್ದರೆ ಕೆಲವು ದಿನ ಕಳೆದು ಕುಂಟುತ್ತದೆ, ಆಗ ಯಾರಿಗೂ ಲಾಳದ ನೆನಪೇ ಇರುವುದಿಲ್ಲ.

ಇನ್ನೊಂದು ಕಾರಣ ನಮ್ಮ ಹವೆಯಲ್ಲೇ ಇದೆ. ಬೇಸಿಗೆಯ ಬಿಸಿಲಿಗೆ ಗೊರಸು ಒಣಗಿ ಸೀಳುತ್ತದೆ. ಮಳೆ ಬಿದ್ದೊಡನೆ ಎರೆ ಮಣ್ಣು ಹಿಟ್ಟಿನ ಮುದ್ದೆಯಂತೆ ಆ ಸೀಳುಗಳಲ್ಲಿ ಮೆತ್ತಿಕೊಳ್ಳುತ್ತದೆ. ಗಂಗಾವತಿ, ಸಿಂಧನೂರು, ಸಿರುಗುಪ್ಪದ ಕಾಲುವೆ ನೀರಿನ ಊರುಗಳಲ್ಲಂತೂ ವರ್ಷದ ಬಹುಭಾಗ ನೆಲ ಒದ್ದೆ. ಒಣಗಿ ನೆನೆದು, ನೆನೆದು ಒಣಗುವ ಗೊರಸಿನಲ್ಲಿ ತಳವೂ ಗೋಡೆಯೂ ಕೂಡುವ ಬಿಳಿಯ ಗೆರೆ ಸಡಿಲವಾಗುತ್ತದೆ. ಕೊಳೆ ಅಲ್ಲಿಂದಲೇ ಒಳಗೆ ಹೋಗುತ್ತದೆ.

## ಮೊದಲ ದಿನ

ಮೊಳೆ ಇನ್ನೂ ಗೊರಸಿನಲ್ಲೇ ಇದೆ. ಕೀಳಲೇ, ಬಿಡಲೇ?

ವೈದ್ಯರು ಒಂದೆರಡು ಗಂಟೆಯಲ್ಲಿ ಬರುವುದಾದರೆ, ಕುದುರೆಯೂ ಅಲ್ಲಾಡದೆ ನಿಲ್ಲುವುದಾದರೆ ಬಿಡಿ. ಮೊಳೆ ಯಾವ ಕಡೆಗೆ, ಎಷ್ಟು ಆಳಕ್ಕೆ ಹೋಗಿದೆ ಎಂಬುದು ಮೊಳೆ ಇದ್ದಾಗಲೇ ಸರಿಯಾಗಿ ತಿಳಿಯುವುದು. ಎಕ್ಸ್‌ರೇ ಇರುವ ಕಡೆ ಮೊಳೆ ಸಮೇತವೇ ಚಿತ್ರ ತೆಗೆಯುತ್ತಾರೆ. ಅಲ್ಲಿಯವರೆಗೆ ಮೊಳೆಯ ಎರಡೂ ಪಕ್ಕ ಅದಕ್ಕಿಂತ ದಪ್ಪದ ಮರದ ತುಂಡುಗಳನ್ನು ಗೊರಸಿಗೆ ಟೇಪಿನಿಂದ ಬಿಗಿಯಿರಿ, ಕಾಲು ಊರಿದರೂ ಮೊಳೆ ಇನ್ನಷ್ಟು ಒಳಗೆ ಇಳಿಯುವುದಿಲ್ಲ.

ವೈದ್ಯರು ಬೇಗ ಸಿಗುವಂತಿಲ್ಲ, ಕುದುರೆ ಕಾಲು ಬಡಿಯುತ್ತಿದೆ ಎಂದರೆ ಕೀಳಲೇಬೇಕು. ಕೀಳುವ ಮೊದಲು ಮೊಬೈಲಿನಲ್ಲಿ ತಳದಿಂದ ಒಂದು, ಪಕ್ಕದಿಂದ ಒಂದು ಫೋಟೋ ತೆಗೆಯಿರಿ. ಹೋದ ದಾರಿಯಲ್ಲೇ ನೇರವಾಗಿ ಎಳೆಯಿರಿ, ತಿರುಚಬೇಡಿ. ತೂತಿನ ಸುತ್ತ ಪೆನ್ನಿನಿಂದ ಗುರುತು ಹಾಕಿ. ಕಿತ್ತ ಮೊಳೆಯನ್ನು ಎಸೆಯದೆ ಕಾಗದದಲ್ಲಿ ಸುತ್ತಿಡಿ. ಅದರ ಮೇಲಿನ ಒದ್ದೆ ಗುರುತು ಆಳ ಹೇಳುತ್ತದೆ.

ಮೊಳೆ ಸರಿಯಾಗಿ ನಡುವಿಗೆ ಚುಚ್ಚಿದೆ. ಕಿತ್ತ ಮೇಲೆ ಕುಂಟುತ್ತಲೂ ಇಲ್ಲ. ಸುಮ್ಮನಿರಬಹುದೇ?

ದಯವಿಟ್ಟು ಸುಮ್ಮನಿರಬೇಡಿ. ಗೊರಸಿನ ತಳದಲ್ಲಿ ಹಿಮ್ಮಡಿಯಿಂದ ಮುಂದಕ್ಕೆ ಚೂಪಾಗುವ ಮೆತ್ತನೆಯ ಮುಕ್ಕೋನ ಭಾಗವೊಂದಿದೆಯಲ್ಲ, ಅದರ ನಡುಭಾಗದ ಮೇಲೆಯೇ ದೊಡ್ಡ ಸ್ನಾಯುರಜ್ಜು, ದೋಣಿಯಾಕಾರದ ಪುಟ್ಟ ಮೂಳೆ, ಅದರ ನೀರಿನ ಚೀಲ, ಸ್ವಲ್ಪ ಆಚೆ ಕೀಲು ಇವೆ. ಸೋಂಕು ಅಲ್ಲಿಗೆ ಮುಟ್ಟಿದರೆ ಬಿಸಿನೀರು, ಪಟ್ಟಿಗಳಿಂದ ಆಗುವ ಕೆಲಸವಲ್ಲ. ಒಳಗೆ ತೊಳೆಯಬೇಕಾಗುತ್ತದೆ, ಶಸ್ತ್ರಚಿಕಿತ್ಸೆ ಬೇಕಾಗುತ್ತದೆ, ಅದೂ ಗಂಟೆಗಳ ಲೆಕ್ಕದಲ್ಲಿ. ಮೊದಲ ದಿನ ಕುಂಟದಿರುವುದು ಏನನ್ನೂ ಹೇಳುವುದಿಲ್ಲ. ಅಂಚಿನಲ್ಲಿ ಚುಚ್ಚಿದ ಮೊಳೆಗೂ ನಡುವಿನಲ್ಲಿ ಚುಚ್ಚಿದ ಮೊಳೆಗೂ ಅಜಗಜಾಂತರ. ತಾಲ್ಲೂಕು ಆಸ್ಪತ್ರೆಯ ವೈದ್ಯರು ದೊಡ್ಡ ಆಸ್ಪತ್ರೆಗೆ ಒಯ್ಯಿರಿ ಎಂದರೆ ಅಂದೇ ಹೊರಡಿ. ಕೊಪ್ಪಳದವರಿಗೆ ಗದಗಿನ ಪಶುವೈದ್ಯಕೀಯ ಮಹಾವಿದ್ಯಾಲಯ ಹತ್ತಿರ. ಬೀದರಿನಲ್ಲಿಯೂ ಒಂದಿದೆ, ಬೆಂಗಳೂರಿನ ಹೆಬ್ಬಾಳದಲ್ಲಿಯೂ ಒಂದಿದೆ.

ಧನುರ್ವಾಯು ಇಂಜೆಕ್ಷನ್ ನಿಜವಾಗಿಯೂ ಬೇಕೇ? ಗಾಯ ಸಣ್ಣದು.

ಗಾಯ ಸಣ್ಣದು ಎಂಬುದೇ ಭಯ. ಧನುರ್ವಾಯುವಿನ ರೋಗಾಣು ಮಣ್ಣಿನಲ್ಲಿದೆ, ಕುದುರೆಯ ಲದ್ದಿಯಲ್ಲೂ ಇದೆ. ಅದು ಬೆಳೆಯುವುದು ಗಾಳಿಯಾಡದ ಜಾಗದಲ್ಲಿ. ಅಗಲವಾಗಿ ತೆರೆದ ಗಾಯಕ್ಕಿಂತ ಮುಚ್ಚಿಕೊಂಡ ಮುಳ್ಳಿನ ತೂತೇ ಅದಕ್ಕೆ ಪ್ರೀತಿ. ಸಾಕುಪ್ರಾಣಿಗಳಲ್ಲಿ ಈ ರೋಗಕ್ಕೆ ಕುದುರೆಯಷ್ಟು ಸುಲಭವಾಗಿ ಬೀಳುವ ಪ್ರಾಣಿ ಇನ್ನೊಂದಿಲ್ಲ.

ನಾನು ಎಂಟನೇ ತರಗತಿಯಲ್ಲಿದ್ದಾಗ ನಮ್ಮ ಮನೆಯ ಹೆಣ್ಣು ಕುದುರೆಗೆ ಹಿಂಗಾಲಿನಲ್ಲಿ ತಂತಿ ಚುಚ್ಚಿತ್ತು. ಕೀವು ಹೋಯಿತು, ಕುಂಟುವುದು ನಿಂತಿತು, ನಾವೂ ಮರೆತೆವು. ಎರಡನೆಯ ವಾರದ ಒಂದು ಬೆಳಿಗ್ಗೆ ಅಪ್ಪ ನೆನೆಸಿದ ಹುರುಳಿಯ ಬುಟ್ಟಿ ಮುಂದಿಟ್ಟರೆ ಅದು ಮೂತಿ ಹಾಕಿತು, ಬಾಯಿ ತೆರೆಯಲಿಲ್ಲ. ಕಿವಿಗಳೆರಡೂ ನೆಟ್ಟಗೆ ಸೆಟೆದಿದ್ದವು, ಬಾಲ ಎತ್ತಿದ್ದು ಇಳಿಯಲಿಲ್ಲ, ನಾಲ್ಕೂ ಕಾಲು ಅಗಲಿಸಿ ಮರದ ಕುದುರೆಯ ಹಾಗೆ ನಿಂತಿತ್ತು. ಅಪ್ಪ ಗದ್ದದ ಕೆಳಗೆ ಮೆಲ್ಲಗೆ ತಟ್ಟಿದರು. ಕಣ್ಣಿನ ಒಳಮೂಲೆಯಿಂದ ಬಿಳಿಯ ಪೊರೆಯೊಂದು ಸರ್ರನೆ ಕಣ್ಣಿನ ಮೇಲೆ ಹಾದುಹೋಯಿತು. ಅಪ್ಪ ಬುಟ್ಟಿ ಎತ್ತಿಕೊಂಡು ಮಾತಿಲ್ಲದೆ ಒಳಗೆ ಹೋದರು. ಆ ಪೊರೆಯ ಅರ್ಥ ನನಗೆ ಗೊತ್ತಾದದ್ದು ಮೂರು ದಿನದ ಮೇಲೆ.

ಲಕ್ಷಣಗಳು ಸಾಮಾನ್ಯವಾಗಿ ಗಾಯವಾದ ಒಂದರಿಂದ ಮೂರು ವಾರದಲ್ಲಿ ಕಾಣುತ್ತವೆ. ಕಂಡ ಮೇಲೆ ಉಳಿಸುವುದು ಬಹಳ ಕಷ್ಟ. ತಡೆಯುವುದು ಸುಲಭ. ಎಂದೂ ಲಸಿಕೆ ಹಾಕಿಸದ ಕುದುರೆಗೆ ಗಾಯವಾದರೆ ವೈದ್ಯರು ಎರಡು ಬಗೆಯದನ್ನು ಬೇರೆ ಬೇರೆ ಜಾಗಕ್ಕೆ ಕೊಡುತ್ತಾರೆ: ಕೂಡಲೇ ಕಾಯುವ ಪ್ರತಿವಿಷ ಒಂದು, ನಿಧಾನವಾಗಿ ಶಕ್ತಿ ಕಟ್ಟುವ ಲಸಿಕೆ ಇನ್ನೊಂದು. ಪ್ರತಿವಿಷದ ಕಾವಲು ಕೆಲವೇ ವಾರ. ಆದ್ದರಿಂದ ಸುಮಾರು 4 ವಾರದ ಮೇಲೆ ಲಸಿಕೆಯ ಎರಡನೆಯ ಡೋಸ್ ತಪ್ಪಿಸಬಾರದು. ಆಮೇಲೆ ವರ್ಷಕ್ಕೊಂದು. ಲಸಿಕೆಯಾಗಿ 6 ತಿಂಗಳು ದಾಟಿದ್ದರೆ ಹೊಸ ಗಾಯಕ್ಕೆ ಮತ್ತೊಂದು ಡೋಸ್ ಬೇಕು. ದಿನಾಂಕವನ್ನು ಲಾಯದ ಗೋಡೆಯ ಮೇಲೇ ಬರೆದಿಡಿ. ಕುದುರೆ ಸಾಕುವ ನೀವೂ ನಿಮ್ಮ ಲಸಿಕೆ ಹಾಕಿಸಿಕೊಂಡಿರಿ.

ನಾವು ಹಟ್ಟಿಯವರು, ಊರಿಂದ ದೂರ ಇದ್ದೇವೆ. ಯಾರನ್ನು ಕರೆಯಬೇಕು?

1962ಕ್ಕೆ ಕರೆ ಮಾಡಿ, ಹಣ ಕೊಡಬೇಕಾಗಿಲ್ಲ. ಪಶು ಸಂಜೀವಿನಿ ವಾಹನ ಜಾನುವಾರು ಇರುವಲ್ಲಿಗೇ ಬರುತ್ತದೆ. ಕರೆ ಮಾಡುವಾಗ ಊರು, ಹತ್ತಿರದ ಗುಡಿ ಅಥವಾ ಕಾಲುವೆಯ ಗುರುತು ಹೇಳಿ. ‘ಕುದುರೆ, ಗೊರಸಿಗೆ ಮೊಳೆ ಚುಚ್ಚಿದೆ, ಧನುರ್ವಾಯು ಮದ್ದು ಬೇಕು’ ಎಂದು ಬಿಡಿಸಿ ಹೇಳಿ. ಕುದುರೆಯ ಮದ್ದು ಎಲ್ಲ ಕಡೆ ಇಟ್ಟಿರುವುದಿಲ್ಲ, ಮೊದಲೇ ತಿಳಿದರೆ ತರಿಸಿಕೊಂಡು ಬರುತ್ತಾರೆ. ಹಟ್ಟಿಯ ಕತ್ತೆಗಳಿಗೂ ಇಲ್ಲಿ ಬರೆದದ್ದೆಲ್ಲ ಬಹುಮಟ್ಟಿಗೆ ಸಲ್ಲುತ್ತದೆ. ಔಷಧದ ಅಳತೆ ಮಾತ್ರ ಬೇರೆ.

ಡಾಕ್ಟರು ನಾಳೆ ಬರುತ್ತಾರಂತೆ. ರಾತ್ರಿಯೆಲ್ಲ ಏನು ಮಾಡಲಿ?

ಒಣಗಿದ, ಮೆತ್ತಗಿನ ನೆಲದಲ್ಲಿ ಕಟ್ಟಿ. ಗೊರಸಿನ ತಳದ ಲದ್ದಿ, ಮಣ್ಣು ಕೆದರಿ ತೆಗೆದು ಶುದ್ಧ ನೀರಿನಲ್ಲಿ ತೊಳೆಯಿರಿ. ಅರ್ಧ ಬಕೆಟ್ ಬಿಸಿನೀರಿಗೆ ಎರಡು ಬೊಗಸೆ ಎಪ್ಸಮ್ ಉಪ್ಪು ಕರಗಿಸಿ. ಔಷಧದ ಅಂಗಡಿಯಲ್ಲಿ ಮೆಗ್ನೀಸಿಯಮ್ ಸಲ್ಫೇಟ್ ಎಂದು ಕೇಳಿದರೂ ಕೊಡುತ್ತಾರೆ. ನೀರು ನಿಮ್ಮ ಮೊಣಕೈ ಸಹಿಸುವಷ್ಟೇ ಬಿಸಿ ಇರಲಿ. ಗೊರಸನ್ನು 15ರಿಂದ 20 ನಿಮಿಷ ಅದರಲ್ಲಿ ಇರಿಸಿ, ಒರೆಸಿ, ಬಟ್ಟೆ ಕಟ್ಟಿ. ರಾತ್ರಿ ಒಮ್ಮೆ ಎದ್ದು ನೀರು ಕುಡಿದಿದೆಯೇ ನೋಡಿ. ನೋವಿನ ಮಾತ್ರೆ, ಇಂಜೆಕ್ಷನ್ ಯಾವುದನ್ನೂ ನೀವಾಗಿ ಕೊಡಬೇಡಿ.

## ಆರೈಕೆ

ಲಾಳ ಕಟ್ಟುವವರೇ ಕೆತ್ತಿ ಕೀವು ತೆಗೆಯುತ್ತೇನೆ ಎನ್ನುತ್ತಾರೆ. ಬಿಡಬಹುದೇ?

ಅನುಭವವುಳ್ಳ ಲಾಳದವರ ಕೈಗೆ ನಾನು ಕೈ ಮುಗಿಯುತ್ತೇನೆ. ಲಾಳ ಬಿಚ್ಚುವುದು, ಒಂದೊಂದೇ ಮೊಳೆ ಎಳೆದು ಯಾವುದರ ತುದಿ ಒದ್ದೆಯಾಗಿದೆ ಎಂದು ನೋಡುವುದು, ಇಕ್ಕಳದಿಂದ ಒತ್ತಿ ನೋವಿನ ಜಾಗ ಹುಡುಕುವುದು ಅವರಷ್ಟು ಚೆನ್ನಾಗಿ ಯಾರಿಗೂ ಬರುವುದಿಲ್ಲ. ಕಪ್ಪು ಗೆರೆಯೊಂದನ್ನು ಹಿಡಿದು ಬಾಗಿದ ಚಾಕುವಿನಿಂದ ತೆಳ್ಳಗೆ ಕೆರೆಯುತ್ತಾ ಹೋದರೆ ಒಂದು ಕಡೆ ಬೂದು ಬಣ್ಣದ, ಗಬ್ಬು ನಾರುವ ನೀರು ಚಿಲ್ಲನೆ ಹಾರುತ್ತದೆ. ಕುದುರೆ ಉಸಿರು ಬಿಡುವುದು ನಮಗೇ ಕೇಳಿಸುತ್ತದೆ.

ಆದರೆ ರಕ್ತ ಬಂದರೆ ಅಲ್ಲಿಗೆ ನಿಲ್ಲಿಸಬೇಕು. ಕೀವು ಇಳಿಯಲು ಪೆನ್ಸಿಲ್ ಗಾತ್ರದ ದಾರಿ ಸಾಕು. ಬಟ್ಟಲಿನಷ್ಟು ಅಗಲ ಕೆತ್ತಿದರೆ ಒಳಗಿನ ಹಸಿ ಮಾಂಸ ಉಬ್ಬಿ ಹೊರಗೆ ಬರುತ್ತದೆ. ಒಂದು ವಾರದ ಕೆಲಸ ಎರಡು ತಿಂಗಳಾಗುತ್ತದೆ. ಕೀವು ಸಿಗಲಿಲ್ಲ ಎಂದು ಹುಡುಕಿ ಹುಡುಕಿ ಕೆತ್ತುವುದಕ್ಕಿಂತ ಎರಡು ದಿನ ನೆನೆಸಿ, ಗೊರಸು ಮೆತ್ತಗಾದ ಮೇಲೆ ಮತ್ತೆ ನೋಡುವುದು ಒಳ್ಳೆಯದು. ನಡುಭಾಗದ ಗಾಯಕ್ಕೆ ವೈದ್ಯರಲ್ಲದೆ ಬೇರೆಯವರು ಚಾಕು ಹಾಕಬಾರದು.

ಗೊರಸಿಗೆ ಪಟ್ಟಿ ನಿಲ್ಲುವುದೇ ಇಲ್ಲ, ಅರ್ಧ ದಿನದಲ್ಲಿ ಕಿತ್ತು ಹೋಗುತ್ತದೆ. ಹೇಗೆ ಕಟ್ಟುವುದು?

ಕೀವು ಇನ್ನೂ ಇಳಿಯುತ್ತಿರುವಾಗ ಶಾಖದ ಮುದ್ದೆ ಬೇಕು. ಎರಡು ಹಿಡಿ ಗೋಧಿ ಬೂಸಾ, ಒಂದು ಹಿಡಿ ಎಪ್ಸಮ್ ಉಪ್ಪು, ಬಿಸಿನೀರು ಹಾಕಿ ಉಂಡೆ ಕಟ್ಟುವ ಹದಕ್ಕೆ ಕಲಸಿ. ಬೂಸಾ ಸಿಗದಿದ್ದರೆ ಗಂಗಾವತಿಯ ಅಕ್ಕಿ ಗಿರಣಿಗಳ ತೌಡು ಆಗುತ್ತದೆ. ಗೊರಸಿನ ತಳಕ್ಕೆ ಮೆತ್ತಿ, ಮೇಲೆ ಹತ್ತಿ ಇಡಿ. ಮಕ್ಕಳಿಗೆ ಹಾಕುವ ಡೈಪರ್ ಇದ್ದರೆ ಇನ್ನೂ ಒಳ್ಳೆಯದು; ಗೊರಸಿಗೆ ಸರಿಯಾಗಿ ಕೂರುತ್ತದೆ, ಅಂಟುಪಟ್ಟಿಯೂ ಅದರಲ್ಲೇ ಇರುತ್ತದೆ.

ಇನ್ನು ಹೊರಗಿನ ಹೊದಿಕೆ. ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವವರ ಹತ್ತಿರ ದಪ್ಪ ಬಟ್ಟೆಯ ತುಂಡುಗಳು ಮೂಟೆಗಟ್ಟಲೆ ಬಿದ್ದಿರುತ್ತವೆ. ಮೊಳದಷ್ಟು ಚೌಕದ ತುಂಡಿನ ನಡುವೆ ಗೊರಸು ಇಡಿ, ನಾಲ್ಕು ಮೂಲೆಗಳನ್ನು ಮೇಲೆತ್ತಿ ಮುಂದೆ ಎರಡು, ಹಿಂದೆ ಎರಡು ಸೇರಿಸಿ. ಅಗಲವಾದ ಪ್ಲಾಸ್ಟಿಕ್ ಟೇಪಿನಿಂದ ಗೊರಸಿನ ಸುತ್ತ ಎಂಟರ ಆಕಾರದಲ್ಲಿ ಸುತ್ತಿ. ತಳಕ್ಕೆ ಲಾರಿಯ ಹಳೆಯ ಟ್ಯೂಬಿನ ತುಂಡು ಇಟ್ಟು ಸುತ್ತಿದರೆ ಸವೆಯುವುದಿಲ್ಲ. ಟೇಪು ಗೊರಸಿನ ಮೇಲಷ್ಟೇ ಬಿಗಿಯಾಗಿರಲಿ. ಕೂದಲು ಶುರುವಾಗುವ ಅಂಚಿನ ಮೇಲೆ ಬಿಗಿದರೆ ರಕ್ತ ಓಡುವುದು ನಿಂತು ಹೊಸ ಗಾಯವಾಗುತ್ತದೆ. ಕಿರುಬೆರಳು ಒಳಗೆ ಹೋಗುವಷ್ಟು ಸಡಿಲ ಅಲ್ಲಿರಬೇಕು.

ಎಷ್ಟು ದಿನ ನೆನೆಸಬೇಕು, ಎಷ್ಟು ದಿನ ಕಟ್ಟಬೇಕು?

ಶಾಖದ ಮುದ್ದೆಯನ್ನು ದಿನಕ್ಕೊಮ್ಮೆ ಬದಲಿಸಿ, ಬಿಚ್ಚಿದ ಹತ್ತಿಯಲ್ಲಿ ಕೀವಿನ ಕಲೆ ಕಾಣದಿರುವವರೆಗೆ. ಸಾಮಾನ್ಯವಾಗಿ ಎರಡು ಮೂರು ದಿನ. ಅದಕ್ಕಿಂತ ಬಹಳ ಹೆಚ್ಚು ನೆನೆಸಿದರೆ ಇಡೀ ಗೊರಸೇ ಮೆದುವಾಗಿ ಹಾಳಾಗುತ್ತದೆ. ಕೀವು ನಿಂತ ಮೇಲೆ ಕೆಲಸ ತಿರುವುಮುರುವು: ಈಗ ಒಣಗಿಸಬೇಕು. ಎರಡು ಪಾಲು ಸಕ್ಕರೆಗೆ ಒಂದು ಪಾಲು ಪೊವಿಡೋನ್ ಅಯೋಡಿನ್ ಕಲಸಿದರೆ ಜೇನಿನಂತೆ ಗಟ್ಟಿಯಾಗುತ್ತದೆ. ತೂತಿಗೆ ತುಂಬಿ ಮೇಲೆ ಒಣ ಹತ್ತಿ ಇಟ್ಟು ಕಟ್ಟಿ. ತೂತಿನ ತಳ ಒಣಗಿ ಗಟ್ಟಿಯಾಗಲು ಒಂದೆರಡು ವಾರ ಹಿಡಿಯುತ್ತದೆ, ಅಲ್ಲಿಯವರೆಗೆ ಪಟ್ಟಿ ಇರಲಿ. ಕೀವು ಹೊರಗೆ ಬಂದ ಒಂದೆರಡು ದಿನದಲ್ಲಿ ಕುದುರೆ ಕಾಲೂರಲೇಬೇಕು. ಊರದಿದ್ದರೆ ಒಳಗೆ ಇನ್ನೂ ಏನೋ ಉಳಿದಿದೆ ಎಂದು ತಿಳಿದು ವೈದ್ಯರಿಗೆ ತೋರಿಸಿ.

ಸುಣ್ಣ, ಅರಿಶಿನ, ಎಂಜಿನ್ ಆಯಿಲ್, ಕಾದ ಕಬ್ಬಿಣ: ಹಿರಿಯರು ಮಾಡುತ್ತಿದ್ದದ್ದು ತಪ್ಪೇ?

ಎಲ್ಲವೂ ತಪ್ಪಲ್ಲ. ಬಿಸಿ ತೌಡಿನ ಮುದ್ದೆ ಕಟ್ಟುವುದನ್ನು ನಾನು ಕಲಿತದ್ದೇ ಹಿರಿಯರಿಂದ. ಬೇವಿನ ಎಣ್ಣೆಯನ್ನು ಗಾಯದ ಸುತ್ತಲಿನ ಚರ್ಮಕ್ಕೆ ಸವರಿದರೆ ನೊಣ ದೂರವಿರುತ್ತದೆ. ಅರಿಶಿನದಿಂದ ದೊಡ್ಡ ಕೆಡುಕಿಲ್ಲ, ಆದರೆ ತೂತಿನೊಳಗೆ ಪುಡಿ ಗಿಡಿದರೆ ಅದು ಬಿರಡೆಯಾಗುತ್ತದೆ. ಸಗಣಿ, ಎಂಜಿನ್ ಆಯಿಲ್, ಮೇಣ, ಟಾರು ತುಂಬುವುದನ್ನು ನಾನು ಒಪ್ಪುವುದೇ ಇಲ್ಲ. ಹೊರಗೆ ಬರಬೇಕಾದ ಕೀವಿಗೆ ಬಾಗಿಲು ಹಾಕಿದಂತೆ ಅದು. ಸುಣ್ಣ, ಬ್ಯಾಟರಿ ಆಸಿಡ್, ಕಾದ ಕಬ್ಬಿಣ ಹಸಿ ಮಾಂಸವನ್ನು ಸುಡುತ್ತವೆ, ಸುಟ್ಟ ಮಾಂಸದ ಕೆಳಗೆ ಕೀವು ಇನ್ನೂ ಸುಖವಾಗಿ ಬೆಳೆಯುತ್ತದೆ. ಹೈಡ್ರೋಜನ್ ಪೆರಾಕ್ಸೈಡ್ ನೊರೆ ನೋಡಿ ಖುಷಿಪಟ್ಟು ದಿನವೂ ಸುರಿಯುವವರಿದ್ದಾರೆ. ಅದು ಹೊಸದಾಗಿ ಬೆಳೆಯುವ ಮಾಂಸವನ್ನೂ ಕೊಲ್ಲುತ್ತದೆ.

ಗಾಯದಲ್ಲಿ ಹುಳು ಬಿದ್ದಿವೆ. ಹತ್ತಿಗೆ ಹೊಡೆಯುವ ಔಷಧ ಹಾಕಲೇ?

ಬೇಡ, ಬೇಡ. ರಾಯಚೂರು ಕಡೆ ಹತ್ತಿ ಬೆಳೆಯುವವರ ಮನೆಯಲ್ಲಿ ಕೀಟನಾಶಕ ಕೈಗೆ ಸಿಗುತ್ತದೆ, ಹುಳು ಸಾಯುತ್ತದೆಂದು ಹಾಕುತ್ತಾರೆ. ಅದು ಗಾಯದ ಮೂಲಕ ರಕ್ತಕ್ಕೆ ಸೇರಿ, ಜೊಲ್ಲು ಸುರಿದು, ಮೈ ನಡುಗಿ ಕುದುರೆಯೇ ಸಾಯಬಹುದು. ಹತ್ತಿಯನ್ನು ಟರ್ಪೆಂಟೈನ್ ಎಣ್ಣೆಯಲ್ಲಿ ಅದ್ದಿ ಗಾಯದ ಬಾಯಿಗೆ ಸ್ವಲ್ಪ ಹೊತ್ತು ಹಿಡಿದರೆ ಹುಳುಗಳು ಮೇಲೆ ಬರುತ್ತವೆ. ಚಿಮಟದಿಂದ ಒಂದೊಂದನ್ನೂ ತೆಗೆಯಿರಿ, ಉಪ್ಪುನೀರಿನಲ್ಲಿ ತೊಳೆಯಿರಿ, ಮರುದಿನ ಮತ್ತೆ ನೋಡಿ. ಆಳಕ್ಕೆ ಇಳಿದಿದ್ದರೆ ವೈದ್ಯರು ಐವರ್‌ಮೆಕ್ಟಿನ್ ಕೊಡುತ್ತಾರೆ.

ಕೀವಿಲ್ಲ, ಆದರೆ ತಳದಲ್ಲಿ ಕಪ್ಪು ರಸ ಮತ್ತು ಸಹಿಸಲಾಗದ ವಾಸನೆ. ಇದೂ ಅದೇ ರೋಗವೇ?

ಇದು ಬೇರೆ. ಆ ಮೆತ್ತನೆಯ ಮುಕ್ಕೋನ ಭಾಗ ಕೊಳೆಯುತ್ತಿದೆ. ಒದ್ದೆ ನೆಲ, ಲದ್ದಿ, ಮೂತ್ರದ ನಡುವೆ ನಿಂತ ಕುದುರೆಗೆ ಬರುವ ಕಾಯಿಲೆ. ಕೊಳೆತ ಚೂರುಗಳನ್ನು ಕತ್ತರಿಸಿ ತೆಗೆಸಿ, ಎರಡು ಪಕ್ಕದ ಸಂದುಗಳನ್ನು ಬ್ರಷ್‌ನಿಂದ ಉಜ್ಜಿ ಒರೆಸಿ, ಪೊವಿಡೋನ್ ಅಯೋಡಿನ್‌ನಲ್ಲಿ ಅದ್ದಿದ ಹತ್ತಿಯ ಎಳೆಯನ್ನು ದಿನವೂ ಇಡಿ. ಮೈಲುತುತ್ತವನ್ನು ಕೆಲವರು ಬಳಸುತ್ತಾರೆ. ಹಸಿ ಮಾಂಸ ಕಾಣುತ್ತಿದ್ದರೆ ಅದನ್ನು ಮುಟ್ಟಿಸಬೇಡಿ. ನೆಲ ಒಣಗದಿದ್ದರೆ ಯಾವ ಔಷಧವೂ ನಿಲ್ಲದು.

## ಔಷಧ ಮತ್ತು ಮೇವು

ಆಂಟಿಬಯಾಟಿಕ್ ಕೊಡದಿದ್ದರೆ ವಾಸಿಯಾಗುತ್ತದೆಯೇ?

ತಳದಲ್ಲಷ್ಟೇ ಇರುವ ಕೀವಾದರೆ ಆಗುತ್ತದೆ. ಕೀವಿಗೆ ದಾರಿ ಮಾಡಿಕೊಟ್ಟರೆ ಸಾಕು. ಕಟ್ಟಿಕೊಂಡ ಕೀವಿನೊಳಗೆ ಔಷಧ ಹೋಗುವುದೂ ಇಲ್ಲ. ಜ್ವರ 101.5 ಡಿಗ್ರಿ ದಾಟಿದ್ದರೆ, ಬಾವು ಮೇಲಕ್ಕೆ ಏರುತ್ತಿದ್ದರೆ, ಮೂಳೆ ಅಥವಾ ಕೀಲಿಗೆ ಮುಟ್ಟಿದ ಅನುಮಾನವಿದ್ದರೆ ಆಗ ಬೇಕೇ ಬೇಕು. ದನಕ್ಕೆ ಆಗುವ ಔಷಧವೆಲ್ಲ ಕುದುರೆಗೆ ಆಗುವುದಿಲ್ಲ ಎಂಬುದು ನೆನಪಿರಲಿ. ಲಿಂಕೋಮೈಸಿನ್ ಕುದುರೆಯ ಕರುಳನ್ನು ಕೆಡಿಸಿ ಪ್ರಾಣ ತೆಗೆಯಬಲ್ಲದು. ಮಾಂಸಖಂಡಕ್ಕೆ ಕೊಡುವ ಪ್ರೋಕೇನ್ ಪೆನಿಸಿಲಿನ್ ರಕ್ತನಾಳಕ್ಕೆ ಹೋದರೆ ಕುದುರೆ ಅಲ್ಲೇ ಕುಸಿಯಬಹುದು.

ನಾಳೆ ಮದುವೆ ಇದೆ, ಮುಂಗಡ ತೆಗೆದುಕೊಂಡಿದ್ದೇನೆ. ನೋವಿನ ಇಂಜೆಕ್ಷನ್ ಹಾಕಿಸಿ ಕರೆದೊಯ್ಯಲೇ?

ನಿಮ್ಮ ಕಷ್ಟ ನನಗೆ ತಿಳಿಯದ್ದಲ್ಲ. ಹಂಗಾಮಿನ ಒಂದು ಮೆರವಣಿಗೆಯ ಹಣದಲ್ಲಿ ಮನೆಯ ಎಷ್ಟು ದಿನದ ಖರ್ಚು ನಡೆಯುತ್ತದೆ ಎಂದು ಟಾಂಗಾದ ಮನೆಯಲ್ಲಿ ಬೆಳೆದ ನಾನು ಬಲ್ಲೆ. ಆದರೂ ಬೇಡ. ನೋವು ಅಡಗಿದ ಕುದುರೆ ಡಾಂಬರಿನ ಮೇಲೆ ಆ ಕಾಲನ್ನು ಪೂರ್ತಿ ಊರುತ್ತದೆ, ಕೀವು ಒಳಗೊಳಗೇ ಮೇಲಕ್ಕೆ ನುಗ್ಗುತ್ತದೆ. ಬ್ಯಾಂಡಿನ ಸದ್ದು, ಪಟಾಕಿಯ ನಡುವೆ ಅದು ಮುಗ್ಗರಿಸಿದರೆ ಮೇಲೆ ಕುಳಿತ ಮದುಮಗನ ಗತಿಯೇನು? ಮುಂಗಡ ಮರಳಿಸಿ, ಇಲ್ಲವೇ ಬೇರೆಯವರ ಕುದುರೆ ಗೊತ್ತು ಮಾಡಿ ಕೊಡಿ. ಗಾಯಗೊಂಡ ಪ್ರಾಣಿಯನ್ನು ಕೆಲಸಕ್ಕೆ ಹಚ್ಚುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧವೂ ಹೌದು.

ಇಂಜೆಕ್ಷನ್ ವಿಷಯದಲ್ಲಿ ಒಂದು ಮಾತು. ಡೈಕ್ಲೋಫೆನಾಕ್ ಅನ್ನು ಪ್ರಾಣಿಗಳಿಗೆ ಕೊಡುವುದು 2006ರಿಂದ ನಿಷಿದ್ಧ. ಅದನ್ನು ಪಡೆದು ಸತ್ತ ಜಾನುವಾರನ್ನು ತಿಂದು ರಣಹದ್ದುಗಳು ಬಹುಮಟ್ಟಿಗೆ ಅಳಿದುಹೋದವು. 2023ರಲ್ಲಿ ಕೀಟೋಪ್ರೊಫೆನ್, ಅಸೆಕ್ಲೋಫೆನಾಕ್‌ಗಳನ್ನೂ ನಿಷೇಧಿಸಿದರು. ಮನುಷ್ಯರ ಸೀಸೆಯಿಂದ ತೆಗೆದು ಚುಚ್ಚುವವರು ಈಗಲೂ ಇದ್ದಾರೆ. ಚುಚ್ಚುವ ಮೊದಲು ಸೀಸೆಯ ಹೆಸರು ಕೇಳಿ.

ಕೆಲಸವಿಲ್ಲದೆ ನಿಂತಿರುವಾಗ ಏನು ತಿನ್ನಿಸಬೇಕು?

ಹುರುಳಿ, ಕಡಲೆ, ಜೋಳದ ಕಾಳನ್ನು ಅರ್ಧಕ್ಕಿಂತ ಕಡಿಮೆ ಮಾಡಿ, ಒಣ ಹುಲ್ಲು ಹೆಚ್ಚಿಸಿ, ನೀರು ಸದಾ ಮುಂದಿರಲಿ. ದುಡಿಯದ ಕುದುರೆಗೆ ದುಡಿಯುವ ಕುದುರೆಯ ಕಾಳು ಕೊಟ್ಟರೆ ಹೊಟ್ಟೆಶೂಲೆಯೂ ಗೊರಸಿನ ಉರಿಯೂತವೂ ಬರಬಹುದು. ಕೋಳಿ ಆಹಾರ, ದನದ ಪಶು ಆಹಾರ ಬೆರೆಸಬೇಡಿ. ಕೆಲವದರಲ್ಲಿ ಮೊನೆನ್ಸಿನ್ ಎಂಬ ಔಷಧ ಇರುತ್ತದೆ, ಕುದುರೆಯ ಹೃದಯಕ್ಕೆ ಅದು ವಿಷ.

## ಬಿಗಡಾಯಿಸಿದಾಗ

ತಳದಲ್ಲಿ ಏನೂ ಸಿಗಲಿಲ್ಲ, ಈಗ ಕೂದಲಿನ ಅಂಚಿನಲ್ಲಿ ಒಡೆದು ಕೀವು ಬರುತ್ತಿದೆ.

ಕೆಳಗೆ ದಾರಿ ಸಿಗದ ಕೀವು ಗೋಡೆಯ ಒಳಬದಿಯಲ್ಲಿ ಏರಿ ಮೆತ್ತಗಿರುವ ಆ ಅಂಚಿನಲ್ಲಿ ಒಡೆದಿದೆ. ನೋವು ತಕ್ಷಣ ಇಳಿಯುತ್ತದೆ. ತೊಳೆದು, ಅಯೋಡಿನ್ ಹಚ್ಚಿ, ನೊಣ ಕೂರದಂತೆ ನೋಡಿಕೊಳ್ಳಿ. ಮುಂದೆ ಅಲ್ಲಿ ಅಡ್ಡ ಬಿರುಕೊಂದು ಕಾಣುತ್ತದೆ, ಹೆದರಬೇಡಿ. ಗೊರಸು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರಿನಷ್ಟು ಬೆಳೆಯುತ್ತದೆ. ಬಿರುಕು ಅದರ ಜೊತೆಗೇ ಇಳಿಯುತ್ತಾ ಬಂದು, ಮುಂಭಾಗದಲ್ಲಾದರೆ ಒಂದು ವರ್ಷದ ಹತ್ತಿರ ಹತ್ತಿರ ತಳ ಮುಟ್ಟುತ್ತದೆ. ಆದರೆ ಪಕ್ಕದಲ್ಲಿ ಒಡೆದ ತೂತು ವಾರಗಟ್ಟಲೆ ಮುಚ್ಚದೆ ಒಸರುತ್ತಿದ್ದರೆ ಒಳಗಿನ ಮೃದ್ವಸ್ಥಿ ಕೊಳೆತಿರಬಹುದು, ಅದಕ್ಕೆ ಶಸ್ತ್ರಚಿಕಿತ್ಸೆಯೇ ದಾರಿ.

ಅದೇ ಕಾಲಿನಲ್ಲಿ ಇದು ಮೂರನೆಯ ಸಲ. ಯಾಕೆ ಮರಳಿ ಬರುತ್ತದೆ?

ಒಳಗೆ ಮುಳ್ಳಿನ ತುಂಡು ಉಳಿದಿರಬಹುದು, ಗೊರಸಿನೊಳಗಿನ ಮೂಳೆಯ ಅಂಚು ಸತ್ತಿರಬಹುದು, ಬಿಳಿ ಗೆರೆ ಟೊಳ್ಳಾಗಿರಬಹುದು, ಅಪರೂಪಕ್ಕೆ ಗೋಡೆಯ ಒಳಗೆ ಗಂಟು ಬೆಳೆದಿರಬಹುದು. ಎಕ್ಸ್‌ರೇ ಇಲ್ಲದೆ ಇವನ್ನು ಬೇರ್ಪಡಿಸಿ ಹೇಳಲು ಆಗದು. ಮೂರನೆಯ ಸಲವೂ ಬರೀ ಕೆತ್ತಿಸಬೇಡಿ.

ನೋವಿನ ಕಾಲು ಸುಧಾರಿಸುತ್ತಿದೆ, ಆದರೆ ಈಗ ಚೆನ್ನಾಗಿದ್ದ ಕಾಲನ್ನು ಎತ್ತೆತ್ತಿ ಇಡುತ್ತಿದೆ.

ಇದನ್ನು ಹಗುರವಾಗಿ ಕಾಣಬೇಡಿ. ವಾರಗಟ್ಟಲೆ ಇಡೀ ಭಾರ ಹೊತ್ತ ಕಾಲಿನ ಗೊರಸಿನೊಳಗೆ ಮೂಳೆಯನ್ನು ಗೋಡೆಗೆ ಹಿಡಿದಿರುವ ಪದರ ಬಿಡಲು ಶುರುವಾಗಿದ್ದರೆ ಹೀಗೇ ಕಾಣುತ್ತದೆ. ಮೊದಲ ಗಾಯಕ್ಕಿಂತ ಇದು ಘೋರ. ಅದಕ್ಕೇ ಮೊದಲ ದಿನದಿಂದಲೂ ಒಂದು ಗೇಣು ದಪ್ಪದ ಒಣ ಹುಲ್ಲು ಅಥವಾ ಮರಳು ಹಾಸಬೇಕು, ಚೆನ್ನಾಗಿರುವ ಕಾಲಿನ ತಳಕ್ಕೂ ಮೆತ್ತೆ ಕಟ್ಟಬೇಕು, ಕುದುರೆ ಮಲಗಿದರೆ ಎಬ್ಬಿಸಬಾರದು. ಈಗಾಗಲೇ ಶುರುವಾಗಿದ್ದರೆ ಅಂದೇ ವೈದ್ಯರು ನೋಡಬೇಕು.

ಹಿಂಗಾಲಿನ ಮೇಲೆ ಸಾಲಾಗಿ ಗಂಟುಗಳು ಎದ್ದು ಒಡೆಯುತ್ತಿವೆ. ಗೊರಸಿನ ಕೀವು ಹರಡಿತೇ?

ಒಡೆದ ಗಂಟಿನಿಂದ ಜೇನಿನಂಥ ಅಂಟು ಕೀವು, ಮೂಗಿನಿಂದಲೂ ಸುರಿತ ಇದ್ದರೆ ಗ್ಲ್ಯಾಂಡರ್ಸ್ ಇರಬಹುದು. ಮನುಷ್ಯರಿಗೂ ಹರಡುವ ರೋಗ. ಬರಿಗೈಯಲ್ಲಿ ಮುಟ್ಟಬೇಡಿ, ಕುದುರೆಯನ್ನು ಬೇರೆ ಕಟ್ಟಿ, ಅದರ ಬಕೆಟ್ಟು ಬೇರೆ ಇಡಿ, ಆಸ್ಪತ್ರೆಗೆ ತಿಳಿಸಿ. ಪ್ರಾಣಿಗಳ ಸಾಂಕ್ರಾಮಿಕ ರೋಗ ತಡೆಯುವ 2009ರ ಕಾಯ್ದೆಯಂತೆ ತಿಳಿಸುವುದು ಕಡ್ಡಾಯ. ರಕ್ತದ ಮಾದರಿಯನ್ನು ಹಿಸ್ಸಾರಿನ ರಾಷ್ಟ್ರೀಯ ಅಶ್ವ ಸಂಶೋಧನಾ ಕೇಂದ್ರದಲ್ಲಿ ಪರೀಕ್ಷಿಸುತ್ತಾರೆ.

ಇನ್ನು ವಾಸಿಯಾಗದು ಎಂದರು. ಸಾಕುವ ಶಕ್ತಿ ಇಲ್ಲ. ಊರ ಹೊರಗೆ ಬಿಟ್ಟುಬಿಡಲೇ?

ಬಿಡಬೇಡಿ. ಕುಂಟುವ ಕುದುರೆ ನೀರಿಗಾಗಿ ಅಲೆಯಲಾರದು, ನಾಯಿಗಳಿಂದ ಓಡಲಾರದು. ರಾಯಚೂರಿನ ರಸ್ತೆಯ ನಡುವಿನ ಕಟ್ಟೆಗೆ ಒರಗಿ ನಿಂತ ಅಂಥ ಒಂದು ಕುದುರೆಗೆ ನಾನು ಎರಡು ದಿನ ನೀರು ಹೊತ್ತಿದ್ದೇನೆ. ಅದರ ಕೊರಳಲ್ಲಿ ಮೆರವಣಿಗೆಯ ಮಣಿಸರ ಹಾಗೇ ಇತ್ತು. ಮೊದಲು ಇನ್ನೊಬ್ಬ ವೈದ್ಯರ ಅಭಿಪ್ರಾಯ ಕೇಳಿ. ಕೆಲಸಕ್ಕೆ ಬಾರದಿದ್ದರೂ ನೋವಿಲ್ಲದೆ ಬದುಕಬಲ್ಲದು ಎಂದರೆ ತೋಟವಿರುವವರು, ಪ್ರಾಣಿ ದಯಾ ಸಂಘಗಳವರು ತೆಗೆದುಕೊಳ್ಳುತ್ತಾರೆಯೇ ವಿಚಾರಿಸಿ. ನೋವು ಇಳಿಯುವ ದಾರಿಯೇ ಇಲ್ಲವೆಂದರೆ ವೈದ್ಯರ ಕೈಯಿಂದ ನೋವಿಲ್ಲದ ಸಾವು ಕೊಡಿಸುವುದು ಪಾಪವೆಂದು ನನಗೆ ಅನ್ನಿಸುವುದಿಲ್ಲ. ಆ ಹೊತ್ತಿನಲ್ಲಿ ಹಗ್ಗ ನಿಮ್ಮ ಕೈಯಲ್ಲೇ ಇರಲಿ, ಅದಕ್ಕೆ ನಿಮ್ಮ ವಾಸನೆ ಗೊತ್ತು.

ಯಾವಾಗ ಮತ್ತೆ ಬಂಡಿಗೆ ಹೂಡಬಹುದು?

ತೂತಿನ ತಳ ಹೆಬ್ಬೆರಳಿನಿಂದ ಒತ್ತಿದರೂ ಕುದುರೆ ಕಾಲು ಎಳೆಯದಷ್ಟು ಗಟ್ಟಿಯಾದ ಮೇಲೆ. ಮೊದಲು ಮೆತ್ತಗಿನ ನೆಲದಲ್ಲಿ, ಆಮೇಲೆ ಗಟ್ಟಿ ರಸ್ತೆಯಲ್ಲಿ ನಡೆಸಿ ನೋಡಿ. ಎರಡೂ ಕಡೆಗೆ ಚಿಕ್ಕ ಸುತ್ತು ತಿರುಗಿಸಿ. ತಿರುಗುವಾಗ ತಲೆ ಮೇಲೆ ಕೆಳಗೆ ಆಡಿದರೆ ಇನ್ನೂ ಸಮಯವಾಗಿಲ್ಲ. ತೂತು ದೊಡ್ಡದಿದ್ದರೆ ಗೊರಸಿಗೂ ಲಾಳಕ್ಕೂ ನಡುವೆ ಚರ್ಮದ ಪಟ್ಟಿ ಹಾಕಿ ಕಟ್ಟಿಸಿ. ಮೊದಲ ವಾರ ಬರೀ ನಡಿಗೆ, ಖಾಲಿ ಬಂಡಿ, ಬೆಳಗಿನ ತಂಪಿನಲ್ಲಿ. ಬಿಸಿಲು 37 ಡಿಗ್ರಿ ದಾಟುವ ಕಡೆ ಮಧ್ಯಾಹ್ನ 12ರಿಂದ 3ರವರೆಗೆ ಯಾವ ಕುದುರೆಯನ್ನೂ ಹೂಡಬಾರದೆಂದು 1965ರ ನಿಯಮವೇ ಹೇಳುತ್ತದೆ, ನಮ್ಮ ಬೇಸಿಗೆಯಲ್ಲಿ ಅದು ಹೆಚ್ಚುಕಡಿಮೆ ಎಲ್ಲ ದಿನವೂ ಆಯಿತು. ಮನೆಗೆ ಬಂದೊಡನೆ ಬಂಡಿ ಬಿಚ್ಚಿ, ಎರಡೂ ಗೊರಸಿನ ಮೇಲೆ ಅಂಗೈ ಇಟ್ಟು ನೋಡಿ. ಒಂದು ಹೆಚ್ಚು ಬಿಸಿ ಎನಿಸಿದರೆ ಮರುದಿನ ಕುದುರೆ ಲಾಯದಲ್ಲೇ ಇರಲಿ.